ನಿಂತ ಕಾರಿನ ಓಡಾಟ

ಯಾರಿಗೂ ಹೇಳದ ಒಂದು ಚಿಂತೆ ನನಗಿದೆ. ಒಬ್ಬ ಮನುಷ್ಯ ತಪ್ಪು ಕಾರಿನ ಕೆಳಗೆ ನುಸುಳುತ್ತಿದ್ದರೆ ಅವನನ್ನು ತಡೆಯಲು ಎಷ್ಟು ಮಾತು ಬೇಕು? 'ಅದಲ್ಲ' ಅಂದರೆ ಸಾಕು. ಕನ್ನಡದಲ್ಲೇ ಎಂ.ಎ. ಮಾಡಿದ ನನಗೆ ಆ ಮೂರಕ್ಷರ ಸಮಯಕ್ಕೆ ಸಿಗಲಿಲ್ಲ. ಸಿಕ್ಕಿದ್ದು ಸಂಜೆ, ಡೈರಿ ಬರೆಯುವಾಗ. ಡೈರಿಯಲ್ಲಿ ನಾನು ಮಹಾ ಮಾತುಗಾತಿ. ಅಲ್ಲಿ ನಾನು ಬಸ್ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳವಾಡಿದ್ದೇನೆ, ನೆಂಟರ ಮದುವೆಯಲ್ಲಿ "ನಿನಗೆ ಯಾವಾಗ?" ಎಂದವರಿಗೆ ತಿರುಗಿ ಹೇಳಿದ್ದೇನೆ. ಬೀದಿಗೆ ಬಂದರೆ ಮಾತ್ರ ನನ್ನ ಬಾಯಿಯ ಕರೆಂಟು ಹೋಗುತ್ತದೆ.

ಕರೆಂಟಿನ ಮಾತು ಬಂತು, ಅಪ್ಪನನ್ನು ಪರಿಚಯಿಸುತ್ತೇನೆ. ಅಪ್ಪ ಮರಿಯಪ್ಪ, ವಿದ್ಯುತ್ ಇಲಾಖೆಯ ನಿವೃತ್ತ ಮೀಟರ್ ರೀಡರ್. ಸರ್ವಿಸ್ ಪೂರ್ತಿ ಮಾಗಡಿ ರೋಡಿನ ಎಡಬಲದ ಮನೆಗಳ ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ, ನಾಯಿಗಳ ಪಕ್ಕದಲ್ಲಿ ಬಗ್ಗಿ ನಿಂತು ರೀಡಿಂಗ್ ಬರೆದುಕೊಂಡವನು. ಆ ಕೆಲಸ ಅಪ್ಪನಿಗೆ ಬೆನ್ನುನೋವನ್ನೂ ಒಂದು ಸಿದ್ಧಾಂತವನ್ನೂ ಕೊಟ್ಟಿತು. ಸಿದ್ಧಾಂತ ಇಷ್ಟೇ: ಮನುಷ್ಯ ಸುಳ್ಳು ಹೇಳುತ್ತಾನೆ, ಮೀಟರ್ ಹೇಳುವುದಿಲ್ಲ. "ಸಾರ್, ಒಂದು ತಿಂಗಳು ಮನೇಲಿ ಯಾರೂ ಇರಲಿಲ್ಲ, ಇಷ್ಟು ಯೂನಿಟ್ ಹೆಂಗೆ ಬಂತು?" ಎಂದು ಯಾರಾದರೂ ಕೇಳಿದರೆ ಅಪ್ಪ ಶಾಂತವಾಗಿ ಹೇಳುತ್ತಿದ್ದನಂತೆ, "ಮೀಟರ್ ಓಡಿದೆ ಅಂದ್ರೆ ಯಾರೋ ಇದ್ರು ಅಂತ."

ಇನ್ನು ಕಾರು. ಅದು ಅಪ್ಪನದಲ್ಲ, ಅಮ್ಮನದು. ಅಮ್ಮ ನಾಗರಬಾವಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸದಲ್ಲಿದ್ದಳು. ಮಂಡಿನೋವು ಶುರುವಾದ ಮೇಲೆ ಬಸ್ಸು ಹತ್ತಲಾಗದೆ ಡ್ರೈವಿಂಗ್ ಕಲಿತು, ಬೂದು ಬಣ್ಣದ ಒಂದು ಸಣ್ಣ ಕಾರು ತೆಗೆದುಕೊಂಡಳು. ಅಪ್ಪನಿಗೆ ಡ್ರೈವಿಂಗ್ ಬರುವುದಿಲ್ಲ. ಎಡಗಡೆ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಾ, "ನಿಧಾನ ಕಣೇ, ಹಂಪ್ ಇದೆ, ಆಟೋ ಬಂತು" ಎನ್ನುವುದು ಅಪ್ಪನ ಡ್ರೈವಿಂಗ್.

ಯುಗಾದಿಗೆ ಸ್ವಲ್ಪ ಮುಂಚೆ ಅಮ್ಮ ತೀರಿಕೊಂಡಳು. ಸಣ್ಣ ಜ್ವರ ಎಂದು ಆಸ್ಪತ್ರೆಗೆ ಸೇರಿಸಿದ್ದೆವು. "ನೀವು ಹೋಗಿ ಊಟ ಮಾಡ್ಕೊಂಡು ಬನ್ನಿ" ಎಂದು ಅವಳೇ ನಮ್ಮನ್ನು ಕಳಿಸಿದಳು. ನಾವು ಊಟ ಮಾಡಿಕೊಂಡು ಬಂದೆವು.

ಅಂದಿನಿಂದ ಕಾರು ಗೋವಿಂದರಾಜನಗರದ ನಮ್ಮ ಮನೆಯ ಗೇಟಿನ ಮುಂದೆ, ಬೂದು ಕವರು ಹೊದ್ದು ನಿಂತಿದೆ. ಬ್ಯಾಟರಿ ಸತ್ತಿದೆ. ಟೈರುಗಳು ವಯಸ್ಸಾದವರ ಹಾಗೆ ನೆಲಕ್ಕೆ ಕೂತಿವೆ. ಅದನ್ನು ಕದಿಯಬೇಕಾದರೆ ಕಳ್ಳ ತನ್ನ ನೆಂಟರಿಷ್ಟರನ್ನೆಲ್ಲ ಕರೆತಂದು ತಳ್ಳಿಸಬೇಕು.

ಹೀಗಿರುವಾಗ ಹಿಂದಿನ ಕ್ರಾಸಿನಲ್ಲಿ ಒಂದು ಕಾರು ಕಳುವಾಯಿತು. ಮಾರನೆಯ ದಿನವೇ ಅಪ್ಪ ಗೇಟಿನಲ್ಲಿ ನಿಂತು ಹೋಗಿ ಬರುವವರನ್ನೆಲ್ಲ ಕೇಳತೊಡಗಿದ: "ಕಾರಿಗೆ ಒಂದು ಟ್ರ್ಯಾಕರ್ ಹಾಕಿಸೋದಾ, ಬೇಡ್ವಾ? ಎಲ್ಲಿದೆ ಅಂತ ಫೋನಲ್ಲೇ ತೋರಿಸುತ್ತಂತೆ."

ಹಾಲಿನವನು ಹಾಕಿಸಿ ಎಂದ. ಇಸ್ತ್ರಿ ಅಂಗಡಿಯವನು ಬೇಡ ಎಂದ. ಎರಡು ಮನೆ ಆಚೆ ಇರುವ ಗಿರಿರಾಜ್ ಅವರು ಮಾತ್ರ ವಿಷಯದ ಬುಡಕ್ಕೇ ಕೈ ಹಾಕಿದರು. ಗದಗದವರು. ಮನೆಯಿಂದಲೇ ಇನ್ಶೂರೆನ್ಸ್ ಕೆಲಸ ಮಾಡುತ್ತಾರೆ, ಉಳಿದ ಹೊತ್ತು ಬೀದಿಯ ಕೆಲಸ.

"ಅಲ್ರೀ ಸರ, ನಿಂತ ಗಾಡಿ ಎಲ್ಲಿ ನಿಂತೈತಿ ಅಂತ ತಿಳ್ಕೊಳ್ಳಾಕ ಮಷೀನ್ ಯಾಕ್ರೀ? ಕಿಡಕಿ ತಗದು ನೋಡಿದ್ರ ಆತು."

"ದಿನಾ ನೋಡ್ತಾನೇ ಇದೀನಲ್ಲ ಗಿರಿರಾಜ್. ನಿದ್ದೆ ಮಾಡೋದು ಬೇಡ್ವಾ?"

"ಮಾರಿಬಿಡ್ರಲ್ಲ ಹಂಗಾದ್ರ."

ಅಪ್ಪ ಕವರಿನ ಮೇಲಿದ್ದ ಹೊಂಗೆ ಎಲೆ ತೆಗೆದುಹಾಕಿದ. "ಒಂದ್ಸಲ ಊಟ ಮಾಡ್ಕೊಂಡು ಬರೋ ಅಷ್ಟರಲ್ಲಿ ಹೋಗಿದ್ದು ಸಾಕು. ಇದಾದ್ರೂ ಎಲ್ಲಿದೆ ಅಂತ ಗೊತ್ತಿರ್ಲಿ."

ಗಿರಿರಾಜ್ ಅವರು ವಾದ ಅಲ್ಲಿಗೇ ಬಿಟ್ಟು ತಾವೂ ಒಂದು ಎಲೆ ತೆಗೆದುಹಾಕಿದರು. ಅವರ ವಿಷಯದಲ್ಲಿ ಇದು ಅಪರೂಪ.

ಕೊನೆಗೆ ಟ್ರ್ಯಾಕರ್ ಮಾರುವ ಮೋಹನ್ ಕುಮಾರ್ ಎಂಬ ಯುವಕನೇ ಫೋನಿನಲ್ಲಿ ದಾರಿ ತೋರಿಸಿದ. "ಹದಿನೈದು ದಿನ ಫ್ರೀ ಟ್ರಯಲ್ ಸಾರ್. ಇಷ್ಟ ಆದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ನಾನೇ ಬಂದು ಕಿತ್ಕೊಂಡು ಹೋಗ್ತೀನಿ." ಅಪ್ಪ ಆ್ಯಪನ್ನು ಫೋನಿಗೆ ಹಾಕಿಸಿಕೊಂಡು ಕಾದ.

ಮೋಹನ್ ಕುಮಾರ್ ಬರಬೇಕಾದ ಭಾನುವಾರ ಬೆಳಿಗ್ಗೆ ಎದುರು ಮನೆಯ ಬೋರ್‌ವೆಲ್ ಸರಿಮಾಡಲು ದೊಡ್ಡ ಲಾರಿ ಬಂತು. ಬೀದಿಯ ಕಾರುಗಳೆಲ್ಲ ಜಾಗ ಬಿಡಬೇಕಾಯಿತು. ನಮ್ಮ ಕಾರನ್ನು ಗಂಡಸರೆಲ್ಲ ಸೇರಿ ಮೂಲೆಯವರೆಗೆ ತಳ್ಳಿದರು. ಸ್ಟೀರಿಂಗ್ ಹಿಡಿದು ಕೂತವನು ಅಪ್ಪ. ಜೀವಮಾನದಲ್ಲಿ ಅಪ್ಪ ಕಾರು ಓಡಿಸಿದ್ದು ಅದೊಂದೇ ಸಲ, ಆಗಲೂ ಎಂಜಿನ್ ಬಂದ್ ಆಗಿತ್ತು. ಲಾರಿ ನೆಲದೊಳಗಿಂದ ಎಬ್ಬಿಸಿದ ಕೆಸರು ಅಪ್ಪನ ತಲೆಯಿಂದ ಕಾಲಿನವರೆಗೆ ಬಿತ್ತು. ಅಪ್ಪ ಸ್ನಾನಕ್ಕೆ ಹೋದ. ಲಾರಿಯೂ ಹೋಯಿತು. ಗಿರಿರಾಜ್ ಅವರ ಮನೆಯ ಮುಂದೆ ಕಾಲಿಡಲಾಗದಷ್ಟು ರಾಡಿಯಾಗಿದ್ದರಿಂದ ಅವರು ತಮ್ಮ ಕಾರನ್ನು ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿ, ಕವರು ಮುಚ್ಚಿ ಹೋದರು.

ಅವರದೂ ಸಣ್ಣ ಕಾರು. ಕವರೂ ಬೂದು ಬಣ್ಣದ್ದೇ. ಎರಡು ತೆಗೆದುಕೊಂಡರೆ ಅಗ್ಗ ಎಂದು ಅಪ್ಪನೇ ಮಾಗಡಿ ರೋಡಿನ ಅಂಗಡಿಯಲ್ಲಿ ಜೋಡಿ ಕವರು ಕೊಂಡು, ಒಂದನ್ನು ಅವರಿಗೆ ದಾಟಿಸಿದ್ದ. ಕವರು ಹೊದ್ದು ನಿಂತರೆ ಎರಡೂ ಅವಳಿ ಜವಳಿ.

ಆಗ ಮೋಹನ್ ಕುಮಾರ್ ಬಂದ. ಗೇಟಿನಲ್ಲಿದ್ದವಳು ನಾನು.

"ಮರಿಯಪ್ಪ ಸಾರ್ ಮನೆ ಇದೇನಾ ಮೇಡಂ? ಗಾಡಿ ಇದೇ ತಾನೇ?"

"ಅದು..." ಎಂದೆ.

"ಗೊತ್ತು ಮೇಡಂ. ಗ್ರೇ ಕವರು, ಗೇಟ್ ಮುಂದೆ. ಸಾರ್ ಹೇಳಿದಾರೆ."

"ಅಂದ್ರೆ..." ಎಂದೆ.

"ಎರಡೇ ನಿಮಿಷ ಮೇಡಂ," ಎಂದು ಆತ ಕೆಸರಿನಲ್ಲೇ ಅಂಗಾತ ಮಲಗಿ ಕಾರಿನ ಕೆಳಗೆ ಜಾರಿದ. ಟಕ್ ಎಂದಿತು. ಹೊರಗೆ ಬಂದವನ ಬೆನ್ನು ಪೂರ್ತಿ ಬೂದಿ ಬಳಿದ ಹಾಗಾಗಿತ್ತು. "ಅಯಸ್ಕಾಂತ ಮೇಡಂ. ಸಿಡಿಲು ಬಡಿದ್ರೂ ಬೀಳಲ್ಲ."

ಒಬ್ಬ ಮನುಷ್ಯ ಅಷ್ಟು ಕೆಸರು ಹತ್ತಿಸಿಕೊಂಡ ಮೇಲೆ 'ಅದಲ್ಲ' ಎನ್ನುವುದು ಹೇಗೆ? ಮತ್ತೆ ಮಲಗಬೇಕಲ್ಲ ಪಾಪ. ಅಪ್ಪ ಸ್ನಾನ ಮುಗಿಸಿ ಬರಲಿ, ಅಪ್ಪನಿಗೆ ಹೇಳಿದರಾಯಿತು ಎಂದುಕೊಂಡೆ. ಸಂಕೋಚದವರ ದೇಶದಲ್ಲಿ ಎಲ್ಲ ಅನಾಹುತಗಳೂ 'ಆಮೇಲೆ ಹೇಳಿದರಾಯಿತು' ಎಂಬಲ್ಲಿಂದಲೇ ಶುರುವಾಗುತ್ತವೆ.

ಮಧ್ಯಾಹ್ನ ಕಾರುಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು. ಅಪ್ಪ ಫೋನು ತೆರೆದ. ಮ್ಯಾಪಿನಲ್ಲಿ ನಮ್ಮ ಬೀದಿ, ಬೀದಿಯಲ್ಲೊಂದು ಹಸಿರು ಚುಕ್ಕೆ. ಮ್ಯಾಪಿನಲ್ಲಿ ಎರಡು ಮನೆಯ ಅಂತರವೆಂದರೆ ಸಾಸಿವೆ ಕಾಳಿನಷ್ಟು.

"ನೋಡು ಕವನಾ, ಇಲ್ಲೇ ಇದೆ!" ಎಂದ ಅಪ್ಪ. ಕಣ್ಣೆದುರೇ ನಿಂತಿದ್ದ ಕಾರು ಇಲ್ಲೇ ಇದೆ ಎಂದು ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿರಲಿಲ್ಲ. ಆ ದಿನ ಅಪ್ಪ ಬೇಗ ಮಲಗಿ, ಬೆಳಿಗ್ಗೆ ಹಾಲಿನವನು ಕೂಗುವವರೆಗೂ ಏಳಲಿಲ್ಲ. ಅಮ್ಮ ಹೋದಮೇಲೆ ಹಾಗೆ ನಿದ್ದೆ ಮಾಡಿದ್ದು ಅದೇ ಮೊದಲು. ಅಪ್ಪ ಮಲಗಲು ಹೋದಾಗಲೇ ನಾನು, ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡಿದ್ದೆ.

ಆ ನಾಳೆ ಬೆಳಿಗ್ಗೆಯೇ ಚುಕ್ಕೆ ಹೊರಟಿತು.

"ಕವನಾ! ಕಾರು ಹೋಯ್ತು ಕಣೇ!" ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಇಟ್ಟುಕೊಂಡೇ ಅಪ್ಪ ಬೀದಿಗೆ ಓಡಿದ. ಕಾರು ನಿಂತಿತ್ತು. ಕವರು ಎತ್ತಿ ನೋಡಿದ. ನಂಬರ್ ಪ್ಲೇಟ್ ಮುಟ್ಟಿ ನೋಡಿದ. ಫೋನು ನೋಡಿದ. ಫೋನಿನಲ್ಲಿ ಕಾರು ಮಾಗಡಿ ರೋಡಿನ ಸಿಗ್ನಲ್ಲಿನಲ್ಲಿತ್ತು.

ಗಿರಿರಾಜ್ ಅವರ ಹೆಂಡತಿ ಚೈತನ್ಯಾ ಅವರು ನಾಗರಬಾವಿಯಲ್ಲೇ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ದಿನಾ ಆ ಹೊತ್ತಿಗೇ ಕಾರು ತೆಗೆಯುತ್ತಾರೆ. ಇದು ನನಗೆ ಗೊತ್ತು, ಬೀದಿಗೆ ಗೊತ್ತು, ಅಪ್ಪನಿಗೂ ಗೊತ್ತು. ಆದರೆ ಫೋನು ಹಿಡಿದ ಮನುಷ್ಯ ಬೀದಿ ನೋಡುವುದಿಲ್ಲ.

ಅಪ್ಪ ಮೋಹನ್ ಕುಮಾರನಿಗೆ ಫೋನು ಮಾಡಿದ. "ನೆಟ್‌ವರ್ಕ್ ಸಾರ್. ಆ್ಯಪ್ ಅಪ್‌ಡೇಟ್ ಮಾಡ್ಕೊಳ್ಳಿ," ಎಂದಿತು ಆ ಕಡೆಯ ದನಿ. ಅಪ್‌ಡೇಟ್ ಆಯಿತು. ಚುಕ್ಕೆ ಇನ್ನೂ ಸ್ಪಷ್ಟವಾಗಿ ಓಡಾಡಿತು.

ಆಗ ಅಪ್ಪನೊಳಗಿನ ಇಲಾಖೆ ಎಚ್ಚೆತ್ತಿತು. ಹಳೆಯ ಪೆಟ್ಟಿಗೆಯಿಂದ ಮೀಟರಿಗೆ ಸೀಲು ಒತ್ತುವ ಇಕ್ಕಳ ಹೊರಗೆ ಬಂತು. ಕವರಿನ ಎರಡು ತುದಿ ಸೇರಿಸಿ, ತಂತಿ ಪೋಣಿಸಿ, ಸೀಸದ ಸೀಲು ಒತ್ತಿದ. ನಾಲ್ಕೂ ಟೈರಿನ ಸುತ್ತ ನನ್ನ ರಂಗೋಲಿ ಪುಡಿಯಿಂದ ಗೆರೆ ಎಳೆದ. ಮಾರನೆಯ ದಿನ ಗೆರೆ ಅಳಿಸಿರಲಿಲ್ಲ, ಸೀಲು ಮುರಿದಿರಲಿಲ್ಲ, ಚುಕ್ಕೆ ಮಾತ್ರ ನಾಗರಬಾವಿಯಲ್ಲಿತ್ತು.

"ಸೀಲ್ ಸರಿಯಾಗಿದೆ, ರೀಡಿಂಗ್ ಓಡಿದೆ," ಎಂದು ಅಪ್ಪ ತನಗೆ ತಾನೇ ಹೇಳಿಕೊಂಡ. ಸರ್ವಿಸ್ಸಿನಲ್ಲೇ ಇಂಥ ಕೇಸು ಸಿಕ್ಕಿರಲಿಲ್ಲವಂತೆ.

ಠಾಣೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ. ಓದಿದವಳು, ಮಾತಾಡಲು ಬೇಕಾಗುತ್ತಾಳೆ ಎಂದು. ಓದಿದವಳು ಬೆಂಚಿನ ತುದಿಯಲ್ಲಿ ಕೂತು ಚೂಡಿದಾರಿನ ದಾರ ಎಳೆಯುತ್ತಿದ್ದಳು. ಹೆಡ್ ಕಾನ್‌ಸ್ಟೇಬಲ್ ರೇವಣಸಿದ್ದಯ್ಯ ಎಂಬುವವರು ಪೆನ್ನು ತೆಗೆದರು.

"ಕಾರು ಯಾವಾಗಿಂದ ಕಾಣ್ತಿಲ್ಲ?"

"ಕಾಣ್ತಾ ಇದೆ ಸಾರ್. ಮನೆ ಮುಂದೇನೇ ಇದೆ."

ಪೆನ್ನು ನಿಂತಿತು. "ಮತ್ತೆ ಕಳುವಾಗಿದ್ದು ಏನು?"

"ಏನೂ ಕಳುವಾಗಿಲ್ಲ ಸಾರ್. ಓಡಾಡ್ತಿದೆ. ಈಗ ನಾಗರಬಾವಿಲಿ ನಿಂತಿದೆ ನೋಡಿ."

"ಮನೆ ಮುಂದೆ ಇದೆ ಅಂದ್ರಲ್ರೀ?"

"ಅಲ್ಲೂ ಇದೆ."

ರೇವಣಸಿದ್ದಯ್ಯನವರು ಪೆನ್ನಿನ ಕ್ಯಾಪು ಹಾಕಿದರು. ನನ್ನ ಕಡೆ ತಿರುಗಿ, "ಏನಮ್ಮ, ಮನೇಲಿ ಎಲ್ಲ ಆರಾಮಾ?" ಎಂದರು. ನಾನು ಆರಾಮ ಎಂಬಂತೆ ತಲೆಯಾಡಿಸಿದೆ. ಅಪ್ಪನಿಗೆ ಅವರು ಮೃದುವಾಗಿಯೇ ಹೇಳಿದರು, "ಯಜಮಾನ್ರೇ, ಕಾರು ತಗೊಂಡು ಹೋಗಿ, ಸಂಜೆಗೆ ವಾಪಸ್ ತಂದು ನಿಲ್ಸಿ, ಕವರ್ ಹಾಕಿ, ರಂಗೋಲಿನೂ ಅಳಿಸದೇ ಹೋಗೋ ಕಳ್ಳ ಸಿಕ್ರೆ ನಮಗೂ ತಿಳಿಸಿ. ನಮ್ಮ ಹುಡುಗರಿಗೆ ಶಿಸ್ತು ಕಲಿಸೋಕೆ ಕರೆಸ್ತೀವಿ."

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅಪ್ಪನ ತಂಗಿ ಮುನಿಲಕ್ಷ್ಮಮ್ಮತ್ತೆ ಉಲ್ಲಾಳದಿಂದ ಬಸ್ಸು ಹಿಡಿದು ಬಂದಳು. ಕಾರನ್ನು ಮಾರಿಸಲೆಂದೇ ಬಂದವಳು. ಒಳಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಾರಣ ಮರೆತಳು.

"ಎಲ್ಲೆಲ್ಲಿ ಹೋಗುತ್ತಣ್ಣ ಅದು?"

ಅಪ್ಪ ಫೋನಿನಲ್ಲಿ ಹಿಂದಿನ ದಿನಗಳ ದಾರಿ ತೋರಿಸಿದ. "ಬೆಳಿಗ್ಗೆ ನಾಗರಬಾವಿ. ಸಂಜೆವರೆಗೂ ಅಲ್ಲೇ. ಬರ್ತಾ ವಿಜಯನಗರ ಮಾರ್ಕೆಟ್ ಹತ್ರ ನಿಲ್ಲುತ್ತೆ. ಆರಕ್ಕೆ ಮನೆ. ಸೋಮವಾರ ಮಾತ್ರ ಈಶ್ವರನ ಗುಡಿ ಮುಂದೆ ಸ್ವಲ್ಪ ಹೊತ್ತು. ಭಾನುವಾರ ಎಲ್ಲೂ ಇಲ್ಲ."

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಕುಸಿದು ಕೂತಳು. "ಅಣ್ಣ, ನಿನ್ ತಲೇಲಿ ಏನಿದೆ? ಅದು ಅತ್ತಿಗೆ ದಾರಿ ಅಲ್ವಾ?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅದು ಅಮ್ಮನ ದಾರಿ ಹೌದು. ಅದು ಚೈತನ್ಯಾ ಅವರ ದಾರಿಯೂ ಹೌದು, ಎದುರುಮನೆಯವರ ದಾರಿಯೂ ಹೌದು. ಕೆಲಸಕ್ಕೆ ಹೋಗಿ ಬರುವ ಈ ಕಡೆಯ ಹೆಂಗಸರಿಗೆ ಇರುವುದೇ ಅಷ್ಟು ನಿಲ್ದಾಣ: ಕೆಲಸ, ಸೊಪ್ಪು, ದೇವರು, ಮನೆ. ಆದರೆ ಅಪ್ಪ ನೋಡಿದ್ದ ದಾರಿ ಒಂದೇ.

ಅಪ್ಪ ಕನ್ನಡಕ ಒರೆಸಿಕೊಂಡು, "ಮೀಟರ್ ಓಡಿದೆ ಅಂದ್ರೆ ಯಾರೋ ಇದಾರೆ ಅಂತ," ಎಂದ.

ಅತ್ತೆ ಅಲ್ಲೇ ತೀರ್ಮಾನ ಕೊಟ್ಟಳು. "ತಿಥಿ ದಿನ ಎಡೆಗೆ ಅವರೆಕಾಳು ಹುಳಿ ಇಡಿ ಅಂದೆ, ನೀವು ಅವರೆ ಸೀಸನ್ ಮುಗೀತು ಅಂದ್ರಿ. ನೋಡು, ಮಾರ್ಕೆಟ್ಟಲ್ಲಿ ದಿನಾ ನಿಂತು ಹುಡುಕ್ತಾ ಇದಾಳೆ."

ಅಲ್ಲಿಂದ ಅಪ್ಪ ಬೇರೆ ಮನುಷ್ಯನಾದ. ದಿನಾ ಗಡ್ಡ ಬೋಳಿಸಿಕೊಂಡ. ಬನಿಯನ್ ಬಿಟ್ಟು ಇಸ್ತ್ರಿ ಅಂಗಿ ತೊಟ್ಟ. ವರಾಂಡದ ಕುರ್ಚಿಯಲ್ಲಿ ಫೋನು ಹಿಡಿದು ಕೂತು, ಹಗಲೆಲ್ಲ ಸ್ವಗತ. "ಇವತ್ತು ಲೇಟಾಗಿ ಹೊರಟ್ಲು... ಆ ಸಿಗ್ನಲ್ಲೇ ಹಂಗೆ... ನಿಧಾನ ಕಣೇ, ಹಂಪ್ ಇದೆ." ಅಮ್ಮ ಇದ್ದಾಗ ಎಡಗಡೆ ಸೀಟಿನಲ್ಲಿ ಹೇಳುತ್ತಿದ್ದ ಮಾತುಗಳೇ. ಆಗ ಅಮ್ಮ, "ಬಾಯ್ಮುಚ್ಕೊಂಡು ಕೂತ್ಕೊಳ್ರೀ" ಎನ್ನುತ್ತಿದ್ದಳು. ಈಗ ಎನ್ನುವವರಿರಲಿಲ್ಲ.

ನಾನು ಹೇಳಲು ಪ್ರಯತ್ನಿಸಲಿಲ್ಲ ಎಂದಲ್ಲ. ಒಂದು ಮಧ್ಯಾಹ್ನ ಸೊಂಟಕ್ಕೆ ದುಪಟ್ಟಾ ಬಿಗಿದುಕೊಂಡೇ ಹೋದೆ. "ಅಪ್ಪ, ಆ ಡಬ್ಬಿ ಹಾಕಿದ ದಿನ..."

"ಶ್! ಸಿಗ್ನಲ್ಲಲ್ಲಿದಾಳೆ," ಎಂದ ಅಪ್ಪ. ನಾನು ದುಪಟ್ಟಾ ಸಡಿಲಿಸಿ ಒಳಗೆ ಬಂದೆ.

ಬೀದಿ ನಗಬೇಕಿತ್ತು. ನಗಲಿಲ್ಲ. ಮೊದಲ ಎರಡು ದಿನ ನಕ್ಕಿತು, ಆಮೇಲೆ ಉಪಯೋಗಿಸಿಕೊಳ್ಳತೊಡಗಿತು. ಆಟೋದ ಚನ್ನವೀರಪ್ಪನವರು ಬಾಡಿಗೆಗೆ ಹೊರಡುವ ಮುಂಚೆ ಗೇಟಿನ ಹತ್ತಿರ ಗಾಡಿ ನಿಧಾನಿಸಿ ಕೇಳುತ್ತಿದ್ದರು, "ಸಾರ್, ಮಾಗಡಿ ರೋಡ್ ಹೆಂಗಿದೆ? ಮೇಡಂ ಎಷ್ಟು ಹೊತ್ತಿಂದ ನಿಂತಿದಾರೆ?" ಅಪ್ಪ ಫೋನು ನೋಡಿ, "ಜಾಮ್ ಇದೆ ಕಣಯ್ಯ, ಒಳರಸ್ತೇಲಿ ಹೋಗು" ಎನ್ನುತ್ತಿದ್ದ. ಬದುಕಿದ್ದಾಗ ಬೀದಿಯಲ್ಲಿ ಯಾರ ಗೋಜಿಗೂ ಹೋಗದ ಅಮ್ಮ ಸತ್ತಮೇಲೆ ಇಡೀ ಬೀದಿಯ ಟ್ರಾಫಿಕ್ ನೋಡಿಕೊಂಡಳು.

ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಚುಕ್ಕೆ ನೋಡುತ್ತಿದ್ದವರು ಗಿರಿರಾಜ್. ಮಧ್ಯಾಹ್ನದ ಚಹಾ ಹಿಡಿದು ಅಪ್ಪನ ಪಕ್ಕ ಕುರ್ಚಿ ಎಳೆದುಕೊಂಡು, ತಮ್ಮ ಹೆಂಡತಿಯ ಕಾರನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಸರ, ನಮ್ಮ ಚೈತನ್ಯಾನೂ ಅದೇ ಕಡೆ ಹೋಗಿರ್ತಾಳ್ರೀ. ಒಂದ್ ದಿನಾನಾದ್ರೂ ಎದುರಿಗೆ ಕಂಡಿರಬೇಕಲ್ರೀ."

"ಕೇಳಿ ನೋಡಿದ್ರಾ?"

"ಕೇಳೀನ್ರೀ. ತಲಿ ಕೆಟ್ಟೈತೇನು ಅಂದ್ಲು."

ಒಂದು ಶನಿವಾರ ಚುಕ್ಕೆ ದಾರಿ ತಪ್ಪಿತು. ಮನೆಯ ಕಡೆ ಬಾರದೆ ಬಸವೇಶ್ವರನಗರಕ್ಕೆ ಹೋಗಿ ಒಂದು ಕಟ್ಟಡದ ಮುಂದೆ ನಿಂತುಬಿಟ್ಟಿತು. ಅಪ್ಪ ಮ್ಯಾಪು ಹಿಗ್ಗಿಸಿ ಹೆಸರು ಓದಿದ. ಬ್ಯೂಟಿ ಪಾರ್ಲರು. ಅತ್ತೆ ಅಂದು ಬಂದಿದ್ದಳು.

"ಅತ್ತಿಗೆ ಪಾರ್ಲರಿಗೆ ಹೋಗೋಳಲ್ಲಣ್ಣ. ತಲೆಗೆ ಬಣ್ಣ ಹಚ್ಕೊಳ್ಳೋಕೂ ಪುರುಸೊತ್ತಿಲ್ಲ ಅನ್ನೋಳು. ಏನೋ ತಪ್ಪಾಗಿದೆ."

ಈಗ ತಾನಾಗಿಯೇ ಬಯಲಾಗುತ್ತದೆ, ನಾನು ಬಾಯಿ ಬಿಡಬೇಕಿಲ್ಲ ಎಂದುಕೊಂಡೆ.

ಅಪ್ಪ ಚುಕ್ಕೆಯನ್ನೇ ನೋಡುತ್ತಿದ್ದ. "ಇರೋವಾಗ ಪುರುಸೊತ್ತು ಕೊಟ್ವಾ ನಾವು?" ಎಂದ. "ಹೋಗ್ಲಿ ಬಿಡು. ನಿಧಾನವಾಗಿ ಮುಗಿ‌ಸ್ಕೊಂಡು ಬರ್ಲಿ."

ಗಿರಿರಾಜ್ ಚಹಾ ಹೀರಿದರು. "ನಮ್ಮಾಕಿದೂ ಇವತ್ತ ಕಾಲೇಜಿನ್ಯಾಗ ಮೀಟಿಂಗ್ ಅಂತ್ರೀ. ಪಾಪ, ಶನಿವಾರಾನೂ ಬಿಡಂಗಿಲ್ಲ."

ಚುಕ್ಕೆ ಆ ದಿನ ತಡವಾಗಿ ಬಂತು. ಅಪ್ಪ ಎದ್ದು ಹೋಗಿ, ಸೀಲು ಒತ್ತಿದ ಕವರಿನ ಮೇಲಿನ ಧೂಳನ್ನು ಟವೆಲಿನಿಂದ ಮೆಲ್ಲಗೆ ಕೊಡವಿದ.

ಟ್ರಯಲ್ ಮುಗಿಯಿತು. ಮೋಹನ್ ಕುಮಾರ್ ಫೋನು ಮಾಡಿ ಸಂಜೆ ಬರುತ್ತೇನೆ ಎಂದ. ತೆಗೆದುಕೊಳ್ಳುವುದೋ ಬೇಡವೋ ಎಂಬ ಪ್ರಶ್ನೆ ಅಪ್ಪನಿಗೆ ಈಗ ಪ್ರಶ್ನೆಯೇ ಅಲ್ಲ. "ಆಜೀವ ಪ್ಲಾನ್ ಇದ್ಯಂತೆ, ಅದನ್ನೇ ತಗೊಳ್ಳೋಣ," ಎಂದ. ಯಾರ ಆಜೀವ ಎಂದು ನಾನು ಕೇಳಲಿಲ್ಲ. ಅತ್ತೆ ಅವರೆಕಾಳು ಹುಳಿ ಮಾಡಿ ಡಬ್ಬಿಯಲ್ಲಿ ತಂದಿದ್ದಳು. ಆ ಸೀಸನ್ನಲ್ಲದ ಸೀಸನ್ನಿನಲ್ಲಿ ಅದನ್ನು ಎಲ್ಲಿಂದ ದೊರಕಿಸಿದಳೋ.

ಮೋಹನ್ ಕುಮಾರ್ ಈ ಸಲ ಹಳೆ ಚಾಪೆ ತಂದಿದ್ದ. ಗೇಟಿನಲ್ಲಿದ್ದ ಚನ್ನವೀರಪ್ಪನವರಿಗೂ ಗಿರಿರಾಜ್ ಅವರಿಗೂ ಸಿಡಿಲಿನ ಮಾತು ಹೇಳಿ, ಟ್ರಯಲ್ ಡಬ್ಬಿ ತೆಗೆದು ಹೊಸದನ್ನು ಹಾಕಲು ನಮ್ಮ ಕಾರಿನ ಕೆಳಗೆ ಜಾರಿದ. ಬಹಳ ಹೊತ್ತು ಎರಡು ಕಾಲು ಮಾತ್ರ ಕಾಣುತ್ತಿದ್ದವು. ಆಮೇಲೆ ಕಾಲುಗಳು ಮಾತಾಡಿದವು.

"ಸಾರ್, ಡಬ್ಬಿ ಇಲ್ಲ!"

"ಸಿಡಿಲು ಬಡಿದ್ರೂ ಬೀಳಲ್ಲ ಅಂದ್ರಿ?" ಎಂದರು ಚನ್ನವೀರಪ್ಪ.

"ಬಿದ್ದಿಲ್ಲ ಸಾರ್, ಇಲ್ಲ! ಯಾರೋ ಕಿತ್ಕೊಂಡು ಹೋಗಿದಾರೆ!"

"ಕಳ್ಳನ್ನ ಹಿಡಿಯೋ ಮಷೀನೇ ಕಳುವಾತೇನ್ರೀ!" ಎಂದರು ಗಿರಿರಾಜ್, ಆ ಮಾತಿಗಾಗಿಯೇ ಹುಟ್ಟಿದವರಂತೆ. ಮನೆಮನೆಯ ಬಾಗಿಲು ತೆರೆಯಿತು. ಅತ್ತೆ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡಳು. "ಅತ್ತಿಗೇನೇ ತಗೊಂಡು ಹೋಗಿದಾಳೆ! ಅವಳ ಜೊತೇಲೇ ಇಟ್ಕೊಂಡಿದಾಳೆ!"

ಅಪ್ಪ ಒಬ್ಬನೇ ಶಾಂತವಾಗಿದ್ದ. "ಡಬ್ಬಿ ಹೋಗ್ಲಿ. ರೀಡಿಂಗ್ ಬರ್ತಾ ಇದೆಯಲ್ಲ," ಎಂದು ಫೋನು ತೋರಿಸಿದ. ಚುಕ್ಕೆ ಮಾರ್ಕೆಟ್ಟು ಬಿಟ್ಟು ಹೊರಟಿತ್ತು. ಮಾಗಡಿ ರೋಡು ದಾಟಿತು. ನಮ್ಮ ಮುಖ್ಯರಸ್ತೆಗೆ ಬಂತು. ಇಡೀ ಬೀದಿ ಅಪ್ಪನ ಅಂಗೈಯನ್ನು ಬಗ್ಗಿ ನೋಡುತ್ತಿತ್ತು. ಅಪ್ಪ ಅಂಗಿಯ ಕಾಲರು ಸರಿಮಾಡಿಕೊಂಡು ಗೇಟಿನ ಎರಡೂ ಬಾಗಿಲು ತೆರೆದ. ಎರಡೂ ಬಾಗಿಲು ತೆರೆಯುವುದು ನಮ್ಮ ಮನೆಯಲ್ಲಿ ಹಬ್ಬಕ್ಕೆ, ಇಲ್ಲವೇ ಸಾವಿಗೆ.

ಚುಕ್ಕೆ ತಿರುವಿಗೆ ಬಂತು. ತಿರುವಿನಲ್ಲಿ ಚೈತನ್ಯಾ ಅವರ ಕಾರು ಬಂತು.

ಅಪ್ಪ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದ. ಕಿಟಕಿಯ ಹತ್ತಿರ ಬಗ್ಗಿ, ದೊಡ್ಡ ಮನೆಯ ಮದುವೆಯಲ್ಲಿ ನೆಂಟರನ್ನು ಕೂರಿಸುವವರ ವಿನಯದಿಂದ ಹೇಳಿದ, "ಚೈತನ್ಯಾ, ಸ್ವಲ್ಪ ಪಕ್ಕಕ್ಕೆ ಹಾಕ್ಕೊಳ್ಳಮ್ಮ. ಹಿಂದೆ ನಮ್ಮೋರು ಬರ್ತಿದಾರೆ."

ಚೈತನ್ಯಾ ಕನ್ನಡಿ ನೋಡಿದರು. "ಹಿಂದ ಯಾರೂ ಇಲ್ಲಲ್ರೀ ಅಂಕಲ್."

"ಬರ್ತಾರೆ. ತಿರುವಲ್ಲೇ ಇದಾರೆ."

ಅವರು ಇನ್ನೇನೂ ಕೇಳದೆ ಕಾರನ್ನು ನಾಲ್ಕು ಮನೆ ಮುಂದೆ ತೆಗೆದುಕೊಂಡು ಹೋದರು. ಫೋನಿನಲ್ಲಿ ಚುಕ್ಕೆಯೂ ನಾಲ್ಕು ಮನೆ ಮುಂದೆ ಹೋಯಿತು.

ಅಪ್ಪ ಫೋನು ನೋಡಿದ. ಕಾರು ನೋಡಿದ. ಮತ್ತೆ ಫೋನು ನೋಡಿದ.

ಮೀಟರಿನ ಬಗ್ಗೆ ಜಗಳ ಬಂದರೆ ಇಲಾಖೆಯಲ್ಲಿ ಒಂದು ಪರೀಕ್ಷೆ ಇತ್ತಂತೆ. ಮನೆಯ ದೀಪಗಳನ್ನೆಲ್ಲ ಆರಿಸಿ, ಒಂದೊಂದನ್ನೇ ಹಚ್ಚಿಸುವುದು. ಯಾವುದನ್ನು ಹಚ್ಚಿದಾಗ ಚಕ್ರ ತಿರುಗುತ್ತದೋ ನೋಡುವುದು. ಎಂಥ ಮಾತುಗಾರ ಗ್ರಾಹಕನೂ ಆ ಪರೀಕ್ಷೆಯ ಮುಂದೆ ಸುಮ್ಮನಾಗುತ್ತಿದ್ದನಂತೆ.

"ಚೈತನ್ಯಾ," ಎಂದ ಅಪ್ಪ, ದನಿ ತೆಗೆದು. "ಒಂದ್ಸಲ ಆ ಕೊನೇ ತನಕ ಹೋಗಿ ವಾಪಸ್ ಬರ್ತೀಯಾ?"

ಚೈತನ್ಯಾ ಗಂಡನ ಮುಖ ನೋಡಿದರು. ಗಂಡ ಭುಜ ಹಾರಿಸಿದರು. ಕಾರು ಬೀದಿಯ ಕೊನೆಗೆ ಹೋಯಿತು. ಚುಕ್ಕೆ ಹೋಯಿತು. ಕಾರು ಹಿಂದೆ ಬಂತು. ಚುಕ್ಕೆ ಬಂತು.

"ಈಗ ಆಫ್ ಮಾಡಮ್ಮ."

ಕಾರು ನಿಂತಿತು. ಚುಕ್ಕೆ ನಿಂತಿತು.

ಗಿರಿರಾಜ್ ನಿಧಾನವಾಗಿ, ಲೆಕ್ಕ ಬಿಡಿಸುವವರಂತೆ ತುಟಿಯಾಡಿಸಿದರು. "ಹಂಗಾದ್ರ ಶನಿವಾರ ಪಾರ್ಲರಿನ ಮುಂದ ನಿಂತಿದ್ದು..."

"ರೀ, ನೀವು ಸುಮ್ಕಿರ್ರೀ," ಎಂದರು ಚೈತನ್ಯಾ. ಅವರಿಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ, ಆದರೆ ಅಪ್ಪನ ಮುಖ ಕಾಣುತ್ತಿತ್ತು.

ಮೋಹನ್ ಕುಮಾರ್ ಚಾಪೆ ಎಳೆದುಕೊಂಡು ಹೋಗಿ ಅವರ ಕಾರಿನ ಕೆಳಗೆ ಕೈ ಹಾಕಿದ. ಟಕ್. ಕೆಸರು ಒಣಗಿ ಅಂಟಿದ್ದ ಕಪ್ಪು ಡಬ್ಬಿ ಕೈಗೆ ಬಂತು. ಅದನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಅಪ್ಪನ ಮುಂದೆ ನಿಂತ. ಹೊಟ್ಟೆಪಾಡಿನವನು, ಕೇಳದೆ ವಿಧಿಯಿರಲಿಲ್ಲ. "ಸಾರ್... ಮತ್ತೆ ಪ್ಲಾನು?"

"ಬೇಡಪ್ಪ," ಎಂದ ಅಪ್ಪ. "ನಮ್ ಕಾರು ಎಲ್ಲಿದೆ ಅಂತ ನಂಗೊತ್ತು."

"ನಂದು ತಪ್ಪಿಲ್ಲ ಸಾರ್. ನಾನು ಕೇಳ್ದೆ. ಈ ಮೇಡಂ ಇಲ್ಲೇ ನಿಂತಿದ್ರು."

ಬೀದಿಯ ಕಣ್ಣುಗಳೆಲ್ಲ ಅಪ್ಪನ ಫೋನಿನಿಂದ ನನ್ನ ಮೇಲೆ ಬಂದವು. ಹುಟ್ಟಿದಾಗಿನಿಂದ ನಾನು ಹೆದರಿದ್ದು ಇದಕ್ಕೇ. ಅತ್ತೆಯ ಬಾಯಿ ತೆರೆದೇ ಇತ್ತು. ಅವಳ ಕೈಯಲ್ಲಿದ್ದ ಡಬ್ಬಿಯಿಂದ ಹುಳಿಯ ವಾಸನೆ ಬರುತ್ತಿತ್ತು.

"ನಿಂಗೆ ಗೊತ್ತಿತ್ತಾ?" ಎಂದ ಅಪ್ಪ.

ತಲೆಯಾಡಿಸಿದೆ.

"ಮೊದಲ್ನೇ ದಿನದಿಂದ್ಲೂ?"

ತಲೆಯಾಡಿಸಿದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನು ಒಳಗೆ ಓಡಿಹೋಗಬಹುದಿತ್ತು. ಹತ್ತಿರ ಬಂದು, ಬೇರೆಯವರಿಗೆ ಕೇಳಬಾರದೆಂಬಂತೆ ಮೆಲ್ಲಗೆ, "ಮತ್ಯಾಕೆ ಹೇಳ್ಲಿಲ್ಲ ಮಗಳೇ?" ಎಂದ.

ನನ್ನ ಹತ್ತಿರ ಉತ್ತರಗಳು ಸಿದ್ಧವಿದ್ದವು. ಆತ ಆಗಲೇ ಕೆಸರಿನಲ್ಲಿ ಮಲಗಿಬಿಟ್ಟಿದ್ದ. ನಿನಗೆ ನಿದ್ದೆ ಬರುತ್ತಿತ್ತು. ನನಗೆ ಬೀದಿಯಲ್ಲಿ ಮಾತು ಬರುವುದಿಲ್ಲ. ಮೂರೂ ನಿಜ, ಮೂರೂ ಡೈರಿಯಲ್ಲಿದ್ದವು. ಆದರೆ ಬಾಯಿಗೆ ಬಂದದ್ದು ಡೈರಿಯಲ್ಲೂ ಇಲ್ಲದ ಮಾತು. ಅದು ಎಷ್ಟು ಗಟ್ಟಿಯಾಗಿ ಬಂತೆಂದರೆ ಬೀದಿಯ ಕೊನೆಯ ಮನೆಗೂ ಕೇಳಿರಬೇಕು.

"ಆರು ಗಂಟೆ ಆದ್ರೆ ನಂಗೂ ಅಮ್ಮ ಬರ್ತಾಳೆ ಅನ್ನಿಸ್ತಿತ್ತು ಅಪ್ಪ."